ನಾಯಿ ಕ್ಲಾಸಿನ ಭಾನುವಾರಗಳು

ನನಗೆ ಮೊದಲಿನಿಂದಲೂ ಹೇಸಿಗೆ ಜಾಸ್ತಿ. ಆಫೀಸಿನಲ್ಲಿ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುವವರ ಟೇಬಲ್ಲಿನಿಂದ ಫೈಲು ಬಂದರೆ ಅಂಚು ಹಿಡಿದು ತೆಗೆದುಕೊಳ್ಳುತ್ತೇನೆ. ಹೋಟೆಲಿನಲ್ಲಿ ನೀರಿನ ಲೋಟದೊಳಗೆ ಮಾಣಿಯ ಬೆರಳು ಮುಳುಗಿದ್ದು ಕಂಡರೆ ಆ ದಿನ ಅಲ್ಲಿ ನನ್ನ ಊಟ ಮುಗಿದ ಹಾಗೆ. ಅಂಥ ನನ್ನ ಮನೆಗೆ ಗಂಡ ಒಂದು ದಿನ ತೆಕ್ಕಲಕೋಟೆಯ ಸ್ನೇಹಿತನ ಮನೆಯಿಂದ ಕರಿ ಬಣ್ಣದ ಲ್ಯಾಬ್ರಡಾರ್ ಮರಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದರು. ನನ್ನನ್ನು ಕೇಳಲಿಲ್ಲ. ಅವರ ತಾಯಿಯನ್ನೂ ಕೇಳಲಿಲ್ಲ.

ಅತ್ತೆಯವರು ಮಡಿ ಮಾಡುವವರು. ದೇವರ ಪೂಜೆ, ನೈವೇದ್ಯ ಮುಗಿಯುವ ತನಕ ನಮ್ಮನ್ನೇ ಹತ್ತಿರ ಬಿಟ್ಟುಕೊಳ್ಳದವರು ನಾಯಿಯನ್ನು ಬಿಟ್ಟುಕೊಂಡಾರೆಯೇ. ಹಿತ್ತಲಿಗೊಂದು ಗೇಟು ಹಾಕಿಸಿ, ನಾಯಿ ಆ ಕಡೆ, ಅವರು ಈ ಕಡೆ ಎಂದು ಗಡಿ ಮಾಡಿಕೊಂಡರು. ಆದರೆ ನಾಯಿಗೆ ಮನೆಯಲ್ಲಿ ಎಲ್ಲರಿಗಿಂತ ಅವರ ಮೇಲೆಯೇ ಜೀವ. ಮರಿ ಬೆಳೆದು ದೊಡ್ಡದಾದ ಮೇಲೆ ಒಂದು ಬೆಳಿಗ್ಗೆ ಯಾರೋ ಗೇಟಿನ ಚಿಲಕ ಹಾಕುವುದನ್ನು ಮರೆತರು. ಮಡಿ ಸೀರೆ ಒಣಹಾಕುತ್ತಿದ್ದ ಅತ್ತೆಯವರ ಎದೆಯ ಮೇಲೆ ಅದು ಎರಡೂ ಮುಂಗಾಲಿಟ್ಟು ನೆಗೆಯಿತು. ಅವರು ಬಿದ್ದರು. ಮಣಿಕಟ್ಟಿನ ಮೂಳೆಯಲ್ಲಿ ಬಿರುಕು ಬಿಟ್ಟು ಪ್ಲಾಸ್ಟರ್ ಹಾಕಬೇಕಾಯಿತು.

"ಅಮ್ಮಾ, ಅದು ಪ್ರೀತೀಲೆ ಹಾರೇತಿ," ಎಂದರು ನನ್ನ ಗಂಡ.

"ಪ್ರೀತಿ ಮಾಡೋದಾದ್ರ ದೂರ ನಿಂತು ಮಾಡು ಅಂತ ಹೇಳು ಅದಕ್ಕ," ಎಂದರು ಅತ್ತೆಯವರು.

ಹೀಗೆ ನಾವು ನಾಯಿ ಕ್ಲಾಸಿಗೆ ಸೇರಿದೆವು. ಬಳ್ಳಾರಿಯಲ್ಲಿ ಅಂಥದ್ದೊಂದು ಶುರುವಾಗಿದೆ ಎಂದು ಗಂಡ ಫೋನಿನಲ್ಲಿ ನೋಡಿದ್ದರು. ನಾಯಿ ಮತ್ತು ನಾಯಿಯವರು ಒಟ್ಟಿಗೆ ಕಲಿಯಬೇಕಂತೆ. ಪ್ರತಿ ಭಾನುವಾರ ಬೆಳಿಗ್ಗೆ, ಸಿರುಗುಪ್ಪ ರಸ್ತೆಯ ಒಂದು ಕಲ್ಯಾಣ ಮಂಟಪದ ಹಿಂದಿನ ಬಯಲಿನಲ್ಲಿ.

ಆ ಬಯಲನ್ನು ನೆನೆಸಿಕೊಂಡರೆ ಈಗಲೂ ನನಗೆ ಉಗುಳು ನುಂಗಲು ಆಗುವುದಿಲ್ಲ. ಒಂದು ಮೂಲೆಯಲ್ಲಿ ಮದುವೆಯೂಟದ ಎಲೆ, ಹುಳಿವಾಸನೆಯ ಅನ್ನ, ಪ್ಲಾಸ್ಟಿಕ್ ಲೋಟಗಳ ರಾಶಿ. ಎಲ್ಲ ನಾಯಿಗಳೂ ಅತ್ತ ಎಳೆಯುತ್ತಿದ್ದವು. ಉಳಿದ ಜಾಗದಲ್ಲಿ ಅವು ಕೂತಲ್ಲಿ ಹೇಲುತ್ತಿದ್ದವು. ಬಂದವರೆಲ್ಲ ಓದಿದವರು, ಕಾರಿನಲ್ಲಿ ಬಂದವರು. ತಮ್ಮ ನಾಯಿ ಬೆನ್ನು ಬಾಗಿಸಿದ ಕೂಡಲೇ ಎದುರಿಗಿನ ಕೋಟೆ ಗುಡ್ಡದ ಕಡೆ ಮುಖ ಮಾಡಿ, ಗಾಳಿ ತಂಪಾಗಿದೆ ಎನ್ನುವಂತೆ ನಿಂತುಬಿಡುತ್ತಿದ್ದರು. ನಾನು ಹಳೆಯ ಪೇಪರು ಹಿಡಿದು ಬಗ್ಗಿ ನಮ್ಮದನ್ನು ತೆಗೆದದ್ದು ನೋಡಿ ಡಾಕ್ಟರ್ ದಂಪತಿ, "ಅಯ್ಯೋ, ನೀವ್ಯಾಕ್ರಿ ಮೇಡಂ ಅದನ್ನ ಮುಟ್ಟಾಕ ಹೋದ್ರಿ?" ಎಂದು ಮೂಗು ಮುಚ್ಚಿಕೊಂಡರು. ಅವರ ಪಗ್ ನಾಯಿ ಮಾಡಿದ್ದು ಅವರ ಚಪ್ಪಲಿಯ ಹಿಂದೆಯೇ ಇತ್ತು.

ಕಲಿಸುವವನು ಅನಂತಪುರದ ಕಡೆಯವನು. ಎತ್ತರದ ಆಳು. ತುಂಬ ಜೇಬುಗಳ ಪ್ಯಾಂಟು, ಕೊರಳಲ್ಲಿ ಸೀಟಿ, ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಬೇಯಿಸಿದ ಕೋಳಿಯ ಲಿವರ್. ಎಲ್ಲರೂ ಅವನನ್ನು ಮಾಸ್ಟರ್ ಎನ್ನುತ್ತಿದ್ದರು. "ಚೂಡಂಡಿ, ನೋಡ್ರಿ ಇಲ್ಲಿ, ನಾಯಿ ಯಾವತ್ತೂ ತಪ್ಪು ಮಾಡಲ್ಲ, ನೀವು ಮಾಡ್ತೀರಿ. ಮನ್ಯಾಗ ಯಾರು ಬಾಸ್ ಅಂತ ಅದಕ್ಕ ಗೊತ್ತಾಗಬೇಕು," ಎನ್ನುವುದು ಅವನ ಮೊದಲ ಪಾಠ.

ಅವತ್ತೇ ನನ್ನ ಅಂಗೈಗೆ ಒಂದು ತುಂಡು ಲಿವರ್ ಇಟ್ಟ. ನನ್ನ ಜನ್ಮದಲ್ಲಿ ನಾನು ಮಾಂಸ ಮುಟ್ಟಿದವಳಲ್ಲ. ಅದು ಬೆಚ್ಚಗೆ, ಮೆತ್ತಗೆ, ಒದ್ದೆ ಸಾಬೂನಿನ ಹಾಗೆ ಇತ್ತು. ನಾಯಿ ಕೂತಿತು. ನಾನು ಕೈ ಚಾಚಿದೆ. ಅದು ಲಿವರನ್ನೂ ತಿಂದು ನನ್ನ ಬೆರಳ ಸಂದಿಗಳನ್ನೆಲ್ಲ ನೆಕ್ಕಿತು. ಮನೆಗೆ ಬಂದು ನಿಂಬೆಹಣ್ಣು ಹಚ್ಚಿದೆ, ಸೀಗೆಪುಡಿ ಹಚ್ಚಿದೆ, ಹುಣಸೆಹಣ್ಣಿನಿಂದ ಉಜ್ಜಿದೆ. ಮಧ್ಯಾಹ್ನ ಬಡಿಸಲು ಹೋದಾಗ ಅತ್ತೆಯವರು ಮೂಗೇರಿಸಿದರು.

"ಏನೇ ಇದು ವಾಸನಿ? ಈ ಕೈಲೇ ಅನ್ನ ಬಡಸ್ತೀಯೇನ?"

ನಾನು ಸೌಟು ಗಂಡನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ಕೂತೆ. ಆಮೇಲಿನ ವಾರಗಳಲ್ಲಿ ಬಟ್ಟೆಯ ಕೈಗವಸು ಹಾಕಿಕೊಂಡು ಹೋದೆ. ಲಿವರಿಗೂ ಜೊಲ್ಲಿಗೂ ಹೇಗೋ ಒಗ್ಗಿಕೊಂಡೆ. ಅಲ್ಲಿ ಕೆಲವು ಮನುಷ್ಯರಿಗೆ ಮಾತ್ರ ಒಗ್ಗಿಕೊಳ್ಳಲು ಆಗಲಿಲ್ಲ.

ಸಿರುಗುಪ್ಪದಿಂದ ಒಬ್ಬ ರೈಸ್ ಮಿಲ್ಲಿನ ಮಾಲೀಕ ಬರುತ್ತಿದ್ದ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು, ಬಿಳಿ ದೊಡ್ಡ ಕಾರು. ನಾಯಿ ಮಾತ್ರ ಕರಿ ರಾಟ್‌ವೀಲರ್, ಕರುವಿನಷ್ಟು ದೊಡ್ಡದು. ಕಾರಿನ ಹಿಂದಿನ ಬಾಗಿಲಿನಿಂದ ಅವನ ಹೆಂಡತಿ ಇಳಿಯುತ್ತಿದ್ದಳು. ನನಗಿಂತ ತುಂಬ ಚಿಕ್ಕವಳು, ಮೂವತ್ತರ ಆಸುಪಾಸು. ನಾಯಿಯ ತಟ್ಟೆ, ನೀರಿನ ಬಾಟಲಿ, ಟವೆಲ್ಲು, ಗಂಡನ ತಂಪು ಕನ್ನಡಕ, ಎಲ್ಲ ಅವಳ ಕೈಯಲ್ಲಿ. ನಾಯಿಯ ಸರಪಳಿಯೂ ಅವಳ ಕೈಯಲ್ಲೇ. ಯಾರಾದರೂ ಫೋಟೋ ತೆಗೆಯುವಾಗ ಮಾತ್ರ ಅವನು ಸರಪಳಿ ಇಸಿದುಕೊಳ್ಳುತ್ತಿದ್ದ.

ಅವನ ಸಲಹೆಯ ಮೇರೆಗೆ ಮಾಸ್ಟರ್ ಆ ನಾಯಿಯ ಕೊರಳಿಗೆ ಒಳಮುಖವಾಗಿ ಮುಳ್ಳಿದ್ದ ಕಬ್ಬಿಣದ ಪಟ್ಟಿ ಹಾಕಿದ್ದ. ಜಗ್ಗಿದರೆ ಮುಳ್ಳು ಒತ್ತುತ್ತದೆ. ನಮ್ಮ ನಾಯಿಗೂ ಒಂದು ಹಾಕುತ್ತೇನೆಂದು ತಂದಾಗ ನಾನು ಅದನ್ನು ಅವನ ಕೈಗೇ ಹಿಂತಿರುಗಿಸಿ, "ಮೊದಲ ನೀವು ಹಾಕ್ಕೊಂಡು ತೋರಸ್ರಿ," ಎಂದೆ. ಅವನು ನಕ್ಕು ಅದನ್ನು ಚೀಲಕ್ಕೆ ಹಾಕಿಕೊಂಡ. ಮಿಲ್ಲಿನವನ ನಾಯಿಯ ಕೊರಳ ಕೂದಲು ಉದುರಿ, ಅಲ್ಲಲ್ಲಿ ಕೀವು ಕಟ್ಟಿತ್ತು. ಅವನ ಹೆಂಡತಿ ಪ್ರತಿಸಲ ಕೂತು ಅರಿಶಿನ ಹಚ್ಚುತ್ತಿದ್ದಳು.

ಒಂದು ಭಾನುವಾರ ಮಾಸ್ಟರ್, ಇವತ್ತು ಮಾಲೀಕರು ತಾವೇ ನಾಯಿಗೆ ಹೇಳಿ ಕೂರಿಸಬೇಕು ಎಂದ. ನಾವೆಲ್ಲ ದುಂಡಗೆ ನಿಂತಿದ್ದೆವು. ಮಿಲ್ಲಿನವನು ಎದೆಯುಬ್ಬಿಸಿ ಸರಪಳಿ ಹಿಡಿದು "ಸಿಟ್!" ಎಂದ. ನಾಯಿ ಕತ್ತು ತಿರುಗಿಸಿ ಹೆಂಡತಿಯನ್ನು ನೋಡಿತು. "ಸಿಟ್ ಅಂದ್ನಲ್ಲ!" ಮತ್ತೆ ಅವಳನ್ನೇ ನೋಡಿತು. ಅವಳಿಗೆ ತಡೆಯಲಾಗಲಿಲ್ಲವೇನೋ, ತುಟಿಯಲ್ಲೇ ಮೆಲ್ಲಗೆ "ಕುಂದ್ರು" ಎಂದಳು. ಅಷ್ಟು ದೊಡ್ಡ ಪ್ರಾಣಿ ಥಟ್ಟನೆ ಕೂತಿತು. ಯಾರೋ ಕಿಸಕ್ಕನೆ ನಕ್ಕರು.

ಮಿಲ್ಲಿನವನ ಮುಖ ಕೆಂಪಾಯಿತು. ಅವನು ಸುತ್ತಲೂ ನೋಡಿ ತಾನೂ ನಗಲು ಶುರುಮಾಡಿದ. "ನಾಯಿಗೆ ಇನ್ನೂ ಬುದ್ಧಿ ಬಂದಿಲ್ರಿ ಮಾಸ್ಟರ್. ನಾ ಯಾರಿಗೆ ಟ್ರೇನಿಂಗ್ ಕೊಟ್ಟೀನಿ ಅಂತ ತೋರಸ್ತೀನಿ, ನೋಡ್ರಿ ಬೇಕಾದ್ರ." ಹೆಂಡತಿಯ ಕಡೆ ತಿರುಗಿ ಬೆರಳಿನಿಂದ ಚಿಟಿಕೆ ಹೊಡೆದ. "ಸಿಟ್."

ಅವಳು ಒಮ್ಮೆ ಅವನ ಮುಖ ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು, ಆ ಹೊಲಸು ನೆಲದ ಮೇಲೆ ಕೂತಳು.

"ಸ್ಟೇ," ಎಂದು ಅವನು ಬೆನ್ನು ತಿರುಗಿಸಿ ಬಯಲಿನ ಆ ತುದಿಯ ತನಕ ನಡೆದು ಹೋಗಿ, ಅಲ್ಲಿಂದ ಕೈ ಬೀಸಿದ. ಜನ ನಗುತ್ತಿದ್ದರು. ಡಾಕ್ಟರಮ್ಮ ಬಾಯಿಗೆ ಕರ್ಚೀಫ್ ಒತ್ತಿಕೊಂಡು ನಗುತ್ತಿದ್ದರು. ಯಾರೋ ಫೋನು ಎತ್ತಿ ಹಿಡಿದಿದ್ದರು. ಮಾಸ್ಟರ್ ಸೀಟಿ ಊದಿ, ಸೊಂಟದ ಚೀಲದಿಂದ ಒಂದು ತುಂಡು ಲಿವರ್ ತೆಗೆದು, "ಗುಡ್ ಗರ್ಲ್!" ಎಂದು ಅವಳ ಕಡೆ ಎಸೆದ. ಅದು ಅವಳ ಮಡಿಲಿಗೆ ಬಿತ್ತು. ಆಗ ನಗು ಇನ್ನೂ ಜೋರಾಯಿತು. ಅದರಲ್ಲಿ ಒಂದು ನಗು ನನಗೆ ಚೆನ್ನಾಗಿ ಗೊತ್ತಿರುವಂಥದ್ದು. ನನ್ನ ಪಕ್ಕದಲ್ಲೇ ನಿಂತಿದ್ದ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಾನು ನಮ್ಮ ನಾಯಿಯ ಹಗ್ಗವನ್ನು ಅವರ ಕೈಗೆ ತುರುಕಿದೆ. ಹೋಗಿ ಅವಳ ರಟ್ಟೆ ಹಿಡಿದೆ. "ಏಳಮ್ಮಾ."

ಅವಳು ತಲೆಯೆತ್ತದೆ ಹೇಳಿದಳು: "ಇರ್ಲಿ ಬಿಡ್ರಿ ಅಕ್ಕಾರ. ಅವರು ಇನ್ನೂ ಏಳು ಅಂದಿಲ್ಲ."

ಅವನು ತಿರುಗಿ ಬರುವ ತನಕ ಅವಳು ಏಳಲಿಲ್ಲ. ನಾನೂ ಕೈ ಬಿಡದೆ ಪಕ್ಕದಲ್ಲೇ ನಿಂತಿದ್ದೆ.

ಕಾರಿನಲ್ಲಿ ಗಂಡನನ್ನು ಕೇಳಿದೆ, "ಏನು ನಗುವಂಥಾದ್ದು ಕಂಡಿತು ನಿಮಗ?"

"ನಾ ಒಬ್ಬನ ನಕ್ಕೀನೇನು? ಎಲ್ಲಾರೂ ನಕ್ರು. ಅವರ ಗಂಡ ಹೆಂಡತಿ ಚಾಷ್ಟಿ ಅದು."

"ಆಕಿ ನಗ್ತಿದ್ಲೇನು?"

ಅವರು ಗೇರು ಬದಲಿಸಿದರು.

ಸಂಜೆಯ ಹೊತ್ತಿಗೆ ಆ ವಿಡಿಯೋ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಬಂತು. ಕೆಳಗೆ ನಗುವ ಮುಖಗಳ ಸಾಲು. ಗಂಡ ಅದನ್ನು ಸೋಫಾದ ಮೇಲೆ ಕೂತು ನೋಡುವಾಗ ಪಕ್ಕದಲ್ಲಿದ್ದ ಅತ್ತೆಯವರೂ ಬಗ್ಗಿ ನೋಡಿದರು. ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪೂರ್ತಿ ನೋಡಿ, "ಪಾಪ, ಯಾರ ಮಗಳೋ," ಎಂದರು. ಆಮೇಲೆ ಮಗನ ಕಡೆ ತಿರುಗಿ ಕೇಳಿದರು, "ನೀನೂ ಅಲ್ಲೇ ಇದ್ದ್ಯಾ?" ಗಂಡ ಫೋನು ಮಗುಚಿಟ್ಟರು. ಅವತ್ತಿನಿಂದ ತುಂಬ ದಿನ ನಾನು ಅವರ ತಟ್ಟೆಯ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಊಟ ಮಾಡಲಿಲ್ಲ. ಬೇಕೆಂದು ಮಾಡಿದ್ದಲ್ಲ. ತುತ್ತು ಇಳಿಯುತ್ತಿರಲಿಲ್ಲ.

ಮುಂದಿನ ವಾರ ಹೋಗಬಾರದು ಅಂದುಕೊಂಡಿದ್ದೆ. ಅವಳನ್ನು ನೋಡಬೇಕೆನಿಸಿ ಹೋದೆ. ನಾಯಿಯನ್ನು ಗಂಡನಿಗೆ ಬಿಟ್ಟು, ಬಯಲಿನಂಚಿನ ಬೇವಿನ ಮರದ ಕೆಳಗೆ ಅವಳ ಜೊತೆ ಕೂರುವುದನ್ನು ರೂಢಿ ಮಾಡಿಕೊಂಡೆ. ಅವಳ ತವರು ಕುರುಗೋಡು, ಗುಡ್ಡದ ಬುಡದ ಓಣಿ. ತಂದೆ ಇದ್ದಾಗ ಮನೆಯಲ್ಲಿ ಕುರಿ, ಅವುಗಳ ಕಾವಲಿಗೆ ನಾಯಿಗಳು. "ನಮ್ಮಪ್ಪ ನಾಯಿಗೆ ಏನೂ ಕಲಿಸ್ತಿರಲಿಲ್ರಿ. ರೊಟ್ಟಿ ಹಾಕ್ತಿದ್ದ, ಜೋಡಿ ನಡೀತಿದ್ದ, ಅಷ್ಟ," ಎಂದಳು. ಈಗ ತಾಯಿ, ಅಣ್ಣ ಇದ್ದಾರೆ. ನಾನು ಆ ದಿನದ ಮಾತು ತೆಗೆದೆ.

"ಮನ್ಯಾಗ ದಿನಾ ಇರೋದ ಅಕ್ಕಾರ," ಎಂದಳು. "ಚಾ ಬೇಕಂದ್ರ ಒಂದು ಚಿಟಿಕಿ. ಎದ್ದು ಹೋಗು ಅಂದ್ರ ಎರಡು. ಅವತ್ತು ಮಂದಿ ಮುಂದ ಆತು, ಅಷ್ಟ. ನನಗ ಹೆಚ್ಚು ಕೆಟ್ಟನಿಸಿದ್ದು ಅದಲ್ಲ. ಮಂದಿ ಮುಂದಾದ್ರ ಯಾರರೆ ಏನರೆ ಅಂತಾರ ಅಂದ್ಕೊಂಡಿದ್ದೆ."

ಕೊನೆಯ ಕ್ಲಾಸು ಸಿರುಗುಪ್ಪದಲ್ಲಿ, ಅವನ ಮಿಲ್ಲಿನ ಅಂಗಳದಲ್ಲಿ ನಡೆಯಿತು. ನಾಯಿಗಳಿಗೆ ಸರ್ಟಿಫಿಕೇಟು, ಕೊರಳಿಗೆ ಪದಕ, ಜನಕ್ಕೆ ಊಟ. ಅಂಗಳಕ್ಕೆ ಶಾಮಿಯಾನ ಹಾಕಿಸಿದ್ದ. ಗಾಳಿ ಬೀಸಿದಾಗಲೆಲ್ಲ ಭತ್ತದ ಹೊಟ್ಟಿನ ಧೂಳು ಹಾರಿ ಬೆವರಿಗೆ ಅಂಟಿಕೊಳ್ಳುತ್ತಿತ್ತು. ಒಳಗಡೆ ಎಲ್ಲೋ ಭತ್ತ ಬೇಯುವ ವಾಸನೆ, ಅದರ ಮೇಲೆ ಬಿರಿಯಾನಿಯ ವಾಸನೆ. ಬಂದ ಅತಿಥಿಗಳೆಲ್ಲ ಕಟ್ಟಿಹಾಕಿದ್ದ ಆ ರಾಟ್‌ವೀಲರಿನ ಮುಂದೆ ಎಲುಬು ಎಸೆಯುತ್ತಿದ್ದರು. ಅವಳು ಹೋಗಿ, "ಸಾಕ್ರಿ, ಬಿಸಲಾಗ ಅದಕ್ಕ ತಡಿಯಂಗಿಲ್ಲ," ಎಂದರೂ ಯಾರೂ ಕೇಳಲಿಲ್ಲ.

ಊರಿನ ದೊಡ್ಡ ಮನುಷ್ಯರೊಬ್ಬರು ಪದಕ ಹಾಕಲು ಬಂದಿದ್ದರು. ಮಿಲ್ಲಿನವನು ನಾಯಿಯನ್ನು ಅವರ ಕುರ್ಚಿಯ ಮುಂದೆ ನಿಲ್ಲಿಸಿದ. ಅದರ ಹೊಟ್ಟೆ ಎರಡು ಸಲ ಒಳಗೆ ಸೆಳೆದುಕೊಂಡಿತು. ಆಮೇಲೆ ತಿಂದದ್ದನ್ನೆಲ್ಲ ಅವರ ಪಾದದ ಹತ್ತಿರ ಕಕ್ಕಿತು. ಅವನ ಬಿಳಿ ಬೂಟಿಗೂ ಸಿಡಿಯಿತು.

ಅವನು ಸರಪಳಿಯನ್ನೇ ಮಡಚಿ ಅದರ ಮುಖಕ್ಕೆ ಹೊಡೆದ. ನಾಯಿ ಕುಂಯ್ಗುಡುತ್ತ ನೆಲಕ್ಕೆ ಅಂಟಿಕೊಂಡಿತು. ಮಾಸ್ಟರ್ ಅತ್ತ ತಿರುಗಿ ನಿಂತ. ಮಿಲ್ಲಿನವನು ಹೆಂಡತಿಯ ಕಡೆ ಚಿಟಿಕೆ ಹೊಡೆದ. "ಕ್ಲೀನ್."

ಅವಳು ಬಟ್ಟೆಗಾಗಿ ಸುತ್ತ ನೋಡಿದಳು.

"ಏನ್ ಹುಡುಕ್ತಿ? ಸೆರಗೈತಲ್ಲ!"

ಈ ಸಲ ಯಾರೂ ನಗಲಿಲ್ಲ. ಕೈಯಲ್ಲಿ ಬಿರಿಯಾನಿಯ ತಟ್ಟೆ ಹಿಡಿದವರು ಹಿಡಿದ ಹಾಗೆಯೇ ನಿಂತಿದ್ದರು. ಒಬ್ಬ ಅಗಿಯುತ್ತಲೇ ಇದ್ದ. "ರೀ, ನಾಲಿಗಿ ಬಿಗಿ ಹಿಡಿದು ಮಾತಾಡ್ರಿ," ಎಂದು ನಾನು ಕೂಗಿದ್ದು ಅವನಿಗೆ ಕೇಳಿಸಿತೋ ಇಲ್ಲವೋ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಗ್ಗಿ ಬರಿಗೈಯಲ್ಲೇ ನಾಯಿಯ ಬಾಯಿ ಒರೆಸಿದಳು. ಕೊರಳಿನ ಮುಳ್ಳಿನ ಪಟ್ಟಿ ಬಿಚ್ಚಿ ಅಲ್ಲೇ ನೆಲಕ್ಕೆ ಹಾಕಿದಳು. ನಂತರ ಗೇಟಿನ ಕಡೆ ನಡೆಯತೊಡಗಿದಳು.

"ಏ, ಎಲ್ಲಿಗೆ ಹೊಂಟಿ?" ಎಂದ ಅವನು. ಅವಳು ನಿಲ್ಲಲಿಲ್ಲ. "ಸ್ಟೇ!" ಎಂದು ಕಿರುಚಿದ. ನಾಯಿಗೆ ಹೇಳಿದನೋ ಅವಳಿಗೆ ಹೇಳಿದನೋ ಗೊತ್ತಾಗಲಿಲ್ಲ. ನಾಯಿ ಒಂದು ಗಳಿಗೆ ಅನುಮಾನಿಸಿತು. ಅವಳು ತಿರುಗಿ ನೋಡದೆಯೇ "ಬಾ" ಎಂದಳು. ಅದು ಎದ್ದು, ಬಾಲ ಇಳಿಬಿಟ್ಟುಕೊಂಡು ಹಿಂದೆ ಹೋಯಿತು.

ನಾನು ಗಂಡನ ಮುಂದೆ ಕೈ ಚಾಚಿದೆ. "ಕಾರಿನ ಕೀಲಿ ಕೊಡ್ರಿ."

"ಸುಮ್ನಿರು. ಅವರ ಮನಿ ವಿಷಯ ಅದು. ನಮಗ್ಯಾಕ?"

"ಕೀಲಿ ಕೊಡ್ರಿ."

ಕೊಟ್ಟರು. ನಮ್ಮ ನಾಯಿಯ ಜೊತೆ ಅವರನ್ನು ಅಲ್ಲೇ ಬಿಟ್ಟು ನಾನು ಹೊರಟೆ. ಡಾಕ್ಟರರ ಕಾರಿನಲ್ಲಿ ಅವರು ಆಮೇಲೆ ಬಳ್ಳಾರಿಗೆ ಬಂದರಂತೆ.

ಅವಳು ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಹೋಗುತ್ತಿದ್ದಳು. ಅಷ್ಟು ದೊಡ್ಡ ನಾಯಿಯನ್ನು ಯಾವ ಕಂಡಕ್ಟರ್ ಹತ್ತಿಸಿಕೊಂಡಾನು. ನಾನು ಬಾಗಿಲು ತೆರೆದೆ. "ಎಲ್ಲಿಗೆ?" ಎಂದು ಕೇಳಿದೆ. "ಕುರುಗೋಡ್ರಿ," ಎಂದಳು.

ನಾಯಿ ಹಿಂದಿನ ಸೀಟಿನಲ್ಲಿ, ಅವಳು ನನ್ನ ಪಕ್ಕದಲ್ಲಿ. ಕಾರಿನ ತುಂಬ ವಾಂತಿಯ ನಾತ. ನಾಯಿ ತನ್ನ ಭಾರದ ತಲೆಯನ್ನು ನನ್ನ ಹೆಗಲ ಮೇಲಿಟ್ಟು ಏದುಸಿರು ಬಿಡುತ್ತಿತ್ತು. ಬೆಚ್ಚನೆಯ ಜೊಲ್ಲು ಕುತ್ತಿಗೆಯಿಂದ ರವಿಕೆಯೊಳಗೆ ಇಳಿಯುತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಕಾರು ನಿಲ್ಲಿಸಿ ಇಳಿದುಬಿಡುತ್ತಿದ್ದೆ. ಕಿಟಕಿ ಇಳಿಸಿ ಓಡಿಸಿದೆ. ಎರಡೂ ಕಡೆ ಹಸಿರು ಭತ್ತದ ಗದ್ದೆ. ತೆಕ್ಕಲಕೋಟೆ ಬಂತು. ಅಲ್ಲಿ, "ಅಕ್ಕಾರ, ಸ್ವಲ್ಪ ನಿಲ್ಲಸ್ರಿ. ಇದಕ್ಕ ನೀರು ಕುಡಸ್ಬೇಕು," ಎಂದಳು. ಅಂಗಡಿಯಿಂದ ನೀರು ತಂದು ಅಂಗೈಯಲ್ಲಿ ಹಿಡಿದು ಕುಡಿಸಿದಳು. ಆಮೇಲೆ ತನ್ನ ಮುಖವನ್ನೂ ತೊಳೆದುಕೊಂಡಳು. ಅತ್ತಿದ್ದಳೋ ಏನೋ, ನಾನು ನೋಡಲಿಲ್ಲ. ಊರು ದಾಟಿ ಬಲಕ್ಕೆ ಕುರುಗೋಡಿನ ರಸ್ತೆ ಹಿಡಿದೆವು.

ತವರಿನ ಬಾಗಿಲಲ್ಲಿ ತಾಯಿ ಅವಳನ್ನು ನೋಡಿ, ನಾಯಿಯನ್ನು ನೋಡಿ, ನನ್ನನ್ನು ನೋಡಿದರು. "ಯಾಕವ್ವಾ, ಹಿಂಗ ಒಮ್ಮಿಗಲೇ?" ಎಂದರು. ಅಣ್ಣ ಒಳಗಿನಿಂದ ಬಂದ. ತಂಗಿಯ ಕಣ್ಣು ನೋಡುವ ಮೊದಲು ಅವನು ಕೇಳಿದ್ದು ಇದನ್ನು:

"ನಾಯಿ ಯಾಕ ತಂದಿ? ಅದು ಅವರದಲ್ಲೇನು? ಎಷ್ಟು ಬೆಲಿ ಬಾಳತೈತಿ ಅದು, ಗೊತ್ತೈತಿಲ್ಲೋ?"

"ನಾ ಯಾರಾಕಿ ಅಣ್ಣ?" ಎಂದಳು ಅವಳು.

ಅವನು ತಾಯಿಯ ಮುಖ ನೋಡಿದ. "ಆತು, ಒಂದೆರಡು ದಿನ ಇರು. ಸಿಟ್ಟು ಇಳೀಲಿ. ನಾನ ಬಿಟ್ಟು ಬರ್ತೀನಿ."

"ನಾ ಹೋಗಂಗಿಲ್ಲ."

ನಾನು ವಿಡಿಯೋದ ವಿಷಯ, ಸೆರಗಿನ ವಿಷಯ ಎಲ್ಲವನ್ನೂ ಅವನ ಮುಂದೆ ಹೇಳಿದೆ. ಅವನು ನೆಲ ನೋಡುತ್ತ ಕೇಳಿಸಿಕೊಂಡು, "ದೊಡ್ಡ ಮಂದಿ ಅವರು ಮೇಡಂ, ಅವರ ಚಾಷ್ಟಿ ಹಂಗ ಇರ್ತೈತಿ," ಎಂದ. ಚಾಷ್ಟಿ ಎಂಬ ಆ ಮಾತನ್ನು ನಾನು ಎರಡನೆಯ ಸಲ ಕೇಳಿದ್ದು. ತಾಯಿ ಕೊಟ್ಟ ಚಹಾವನ್ನು ಅವರಿಗೆ ಬೇಸರವಾಗಬಾರದೆಂದು ಕುಡಿದೆ. ಹೊರಡುವಾಗ ಅವಳ ಕೈಗೆ ನನ್ನ ಫೋನ್ ನಂಬರು ಕೊಟ್ಟೆ.

ಕೆಲವು ತಿಂಗಳ ಮೇಲೆ ಅವಳು ಬಳ್ಳಾರಿಯಿಂದಲೇ ಫೋನು ಮಾಡಿದಳು. ಜೀನ್ಸ್ ಹೊಲಿಯುವ ಯೂನಿಟ್ಟೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಜೊತೆಗೆ ಹೊಲಿಯುವ ಹೆಂಗಸೊಬ್ಬಳ ಸಂಗಡ ಒಂದು ಕೋಣೆ ಮಾಡಿಕೊಂಡಿದ್ದಳು. ಸಂಜೆ ಕೆಲಸ ಬಿಡುವ ಹೊತ್ತಿಗೆ ಹೋಗಿ ನೋಡಿದೆ. ಜೀನ್ಸ್ ಬಟ್ಟೆಯ ಬಣ್ಣ ಹತ್ತಿ ಅವಳ ಬೆರಳ ತುದಿಗಳೆಲ್ಲ ನೀಲಿಯಾಗಿದ್ದವು. ಮಿರ್ಚಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು ಮಾತಾಡಿದೆವು.

"ನಾಯಿ ಹೆಂಗೈತಿ?" ಎಂದೆ.

"ಅದನ್ನ ಒಯ್ದ್ರು ಅಕ್ಕಾರ. ನಾ ಬಂದ ವಾರದಾಗನ ಜೀಪು ಕಳಿಸಿದ್ರು. ಆಕಿ ಯಾವಾಗರೆ ಬರ್ಲಿ, ನಾಯಿ ಮಾತ್ರ ಈಗ ಕೊಟ್ಟು ಕಳಸ್ರಿ, ಅದಕ್ಕ ಟ್ರೇನಿಂಗ್ ಕೊಡಿಸೀನಿ ಅಂತ ಹೇಳಿ ಕಳಿಸಿದ್ರು. ನಮ್ಮಣ್ಣನೇ ಹಗ್ಗ ಹಾಕಿ ಹತ್ತಿಸಿದ. ನಾ ಅಡ್ಡ ನಿಂತ್ರೂ ಕೇಳಲಿಲ್ಲ. ಅಲ್ಲಿ ಅದು ಯಾರ ಮಾತೂ ಕೇಳವಲ್ದು ಅಂತ ಯಾರಿಗೋ ಮಾರಿದ್ರಂತ. ಎಲ್ಲಿಗೆ ಅಂತ ಯಾರೂ ಹೇಳವಲ್ರು."

ಅವಳು ಮಿರ್ಚಿಯ ತೊಟ್ಟು ಕಿತ್ತು ಕಾಗದದ ಮೇಲಿಟ್ಟಳು. ವಕೀಲರನ್ನು ಕಂಡಿದ್ದಾಳೆ, ಗಂಡನಿಂದ ಬಿಡುಗಡೆಯ ಅರ್ಜಿ ಹಾಕಿದ್ದಾಳೆ. ಅಣ್ಣ ಮಾತು ಬಿಟ್ಟಿದ್ದಾನೆ, ತಾಯಿ ಕದ್ದು ಫೋನು ಮಾಡುತ್ತಾರೆ. ಇಷ್ಟನ್ನೂ ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದಳು. ನಾಯಿಯ ಮಾತು ಮತ್ತೆ ಬಂದಾಗ ಮಾತ್ರ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಈ ವರ್ಷ ಒಂದು ಮದುವೆಗೆ ಹೋಗಿದ್ದೆವು, ನನ್ನ ಗಂಡನ ಸಹೋದ್ಯೋಗಿಯ ಮಗಳದ್ದು. ಪಂಕ್ತಿಯಲ್ಲಿ ಕೂತಿದ್ದೇವೆ, ಎಲೆಯ ಮೇಲೆ ಉಪ್ಪು, ಕೋಸಂಬರಿ, ಪಲ್ಯ ಬಿದ್ದಿದೆ. ನನ್ನ ಪಕ್ಕದ ಖಾಲಿ ಜಾಗಕ್ಕೆ ಹುಡುಗಿಯ ತಂದೆ ಒಬ್ಬರನ್ನು ಕೈ ಹಿಡಿದು ಕರೆತಂದು ಕೂರಿಸಿದರು. ಬಿಳಿ ಅಂಗಿ, ಬಿಳಿ ಪ್ಯಾಂಟು.

"ಓಹೋ ಮೇಡಂ, ಆರಾಮಿದ್ದೀರಿ? ನಿಮ್ಮ ಲ್ಯಾಬ್ ಹೆಂಗೈತ್ರಿ?" ಎಂದು ಕೈಮುಗಿದ. ಬಾಗಿ ನನ್ನ ಗಂಡನಿಗೂ ಕೈಮುಗಿದ. ನನ್ನ ಗಂಡ ಮುಗುಳ್ನಕ್ಕು ಕೈಮುಗಿದರು. ಎದುರು ಸಾಲಿನವರು ಎದ್ದು ನಿಂತಂತೆ ಮಾಡಿ ಅವನಿಗೆ ನಮಸ್ಕಾರ ಹೇಳಿದರು. ಬಡಿಸುವವರು ಅವನ ಎಲೆಗೆ ಮೊದಲು ತುಪ್ಪ ತಂದರು. ಅವರಲ್ಲಿ ಎಷ್ಟು ಜನರ ಫೋನಿನಲ್ಲಿ ಆ ವಿಡಿಯೋ ಇತ್ತೋ ಎಂದು ನನ್ನ ಮನಸ್ಸಿಗೆ ಬಂತು.

ನಾನು ಎಲೆ ಮಡಚಿ ಎದ್ದೆ. ಹುಡುಗಿಯ ತಂದೆ ಓಡಿ ಬಂದರು. "ಯಾಕ್ರೀ ಅಕ್ಕಾರ, ಊಟದಾಗ ಏನರೆ ಹೆಚ್ಚುಕಮ್ಮಿ ಆತೇನ್ರಿ?"

"ಊಟ ಚಲೋ ಐತ್ರಿ," ಎಂದೆ, ಸಾಲಿನವರಿಗೆಲ್ಲ ಕೇಳಿಸುವ ಹಾಗೆ. "ಇವರ ಪಕ್ಕದಾಗ ಕುಂತು ಉಣ್ಣಾಕ ನನಗ ಹೇಸಿಗಿ ಬರ್ತೈತಿ."

ಮಿಲ್ಲಿನವನು ನಕ್ಕು, "ಹೆಣ್ಮಕ್ಕಳ ಸಿಟ್ಟು ಬಿಡ್ರಿ," ಎಂದು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡ. ಪಂಕ್ತಿಯಲ್ಲಿ ಒಂದೆರಡು ತಲೆಗಳು ಎದ್ದು ಮತ್ತೆ ಎಲೆಯ ಮೇಲೆ ಬಗ್ಗಿದವು. ನನ್ನ ಗಂಡ ಏಳಲಿಲ್ಲ. ಎಲೆಯ ಅಂಚಿನ ಉಪ್ಪಿನಕಾಯಿಯನ್ನು ಬೆರಳಿನಿಂದ ಅತ್ತಿಂದಿತ್ತ ಸರಿಸುತ್ತ ಕೂತಿದ್ದರು. ನಾನು ಹೊರಗೆ ಬಂದು, ರಸ್ತೆಯಲ್ಲಿ ಬರುತ್ತಿದ್ದ ಆಟೋಕ್ಕೆ ಕೈ ಮಾಡಿ ಮನೆಗೆ ಹೋದೆ.